ಮೊಳಕೆ ನೋಡಿ ಮೋಸ ಹೋಗಬೇಡಿ, ಬೇರು ಅಳೆಯಿರಿ

ಕಾರ್ಖಾನೆಯ ಕಸ ಕೊಳೆತು ಕಪ್ಪಗಾಗಿದೆ, ಮಣ್ಣಿನ ವಾಸನೆ ಬರುತ್ತಿದೆ. ಗೊಬ್ಬರ ಸಿದ್ಧ ಅಲ್ವಾ? ಅವಸರ ಬೇಡ. ಒಳಗೆ ಅಮೋನಿಯಾ, ಉಪ್ಪು, ಕ್ಯಾಡ್ಮಿಯಂನಂಥ ಭಾರ ಲೋಹ ಉಳಿದಿರಬಹುದು. ಗೊಬ್ಬರ ಕಲಸಿ ಸೋಸಿದ ನೀರನ್ನು ಬೀಜಕ್ಕೆ ಕುಡಿಸಿ ನೋಡಿದರೆ ಮೂರು ದಿನದಲ್ಲಿ ಸುಳಿವು ಸಿಗುತ್ತದೆ.

ರಾಶಿಯ ಐದಾರು ಕಡೆಯಿಂದ, ಒಳಗಿನಿಂದಲೂ, ಗೊಬ್ಬರ ತೆಗೆದು ಬೆರೆಸಿ. ಒಣಗಿಸಿದ 10 ಗ್ರಾಂ ಗೊಬ್ಬರವನ್ನು 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ ಹಾಕಿ, ಒಂದು ಗಂಟೆ ಅಲ್ಲಾಡಿಸಿ, ಸೋಸಿ. ನಲ್ಲಿ ನೀರು ಬೇಡ, ಅದರ ಉಪ್ಪು ಲೆಕ್ಕ ಕೆಡಿಸುತ್ತದೆ.

ತಟ್ಟೆಗೆ ಫಿಲ್ಟರ್ ಪೇಪರ್ ಹಾಸಿ, ಸೋಸಿದ ಗೊಬ್ಬರದ ನೀರು 5 ಮಿ.ಲೀ. ಹಾಕಿ, 10 ಬೀಜ ಇಡಿ. ಈ ಪರೀಕ್ಷೆಗೆ ಹೆಚ್ಚಾಗಿ ಬಳಸುವುದು ಆಳ್ವಿ ಬೀಜ. ನೆನೆದರೆ ಲೋಳೆಯಾಗಿ ಅಂಟಿಕೊಳ್ಳುತ್ತದೆ, ಸ್ವಲ್ಪ ದೂರ ದೂರ ಇಡಿ. ಮೂಲಂಗಿ, ಸೌತೆ ಬೀಜವೂ ಆದೀತು. ಇಂಥ ಮೂರು ತಟ್ಟೆ, ಬರೀ ಡಿಸ್ಟಿಲ್ಡ್ ವಾಟರ್ ಹಾಕಿದ ಇನ್ನು ಮೂರು. ಮುಚ್ಚಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕತ್ತಲಲ್ಲಿಡಿ.

ಮೂರನೇ ದಿನ ಮೊಳಕೆ ಎಣಿಸಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಬೀಜ ತನ್ನೊಳಗೆ ಕೂಡಿಟ್ಟ ಆಹಾರದಿಂದಲೇ ಮೊಳೆಯುತ್ತದೆ, ಹಾಗಾಗಿ ಕೆಟ್ಟ ಗೊಬ್ಬರದಲ್ಲೂ ಸುಮ್ನೆ ಒಡೆದು ಬರಬಹುದು. ಪೆಟ್ಟು ಕಾಣುವುದು ಬೇರಿನಲ್ಲಿ. ತುದಿ ಕಂದಾಗಿ, ಬೇರುಗೂದಲಿಲ್ಲದೆ, ಗಿಡ್ಡವಾಗಿ ನಿಂತಿರುತ್ತದೆ. ಸ್ಕೇಲ್ ಹಿಡಿದು ಒಂದೊಂದನ್ನೂ ಅಳೆಯಿರಿ. ಬೇಜಾರಿನ ಕೆಲಸವೇ, ಬಿಡಿ.

ಲೆಕ್ಕ ಸುಲಭ. ಬರೀ ನೀರಿನಲ್ಲಿ 30ಕ್ಕೆ 27 ಬೀಜ ಮೊಳೆತು ಬೇರು ಸರಾಸರಿ 40 ಮಿ.ಮೀ. ಬಂತು, ಗೊಬ್ಬರದ ನೀರಿನಲ್ಲಿ 24 ಮೊಳೆತು 20 ಮಿ.ಮೀ. ಬಂತು ಅಂದುಕೊಳ್ಳಿ. ಗೊಬ್ಬರದ ನೀರಿನ ಮೊಳಕೆ ಬರೀ ನೀರಿನದರ ಶೇ 89, ಬೇರು ಶೇ 50. ಎರಡನ್ನೂ ಗುಣಿಸಿ 100ರಿಂದ ಭಾಗಿಸಿದರೆ ಸುಮಾರು 44. ಇದೇ ಮೊಳಕೆ ಸೂಚ್ಯಂಕ. ಸಾಮಾನ್ಯವಾಗಿ 80 ದಾಟಿದರೆ ಬೆಳೆಗೆ ತೊಂದರೆಯಿಲ್ಲ ಎನ್ನುತ್ತಾರೆ, 50ಕ್ಕಿಂತ ಕಡಿಮೆ ಬಂದರೆ ವಿಷ ಜಾಸ್ತಿ. ಬರೀ ಮೊಳಕೆ ಎಣಿಸಿದ್ದರೆ 89 ಅಂತ ಖುಷಿಪಡುತ್ತಿದ್ದೆವು!

ಅಂಕ ಕಡಿಮೆ ಬಂದರೆ ರಾಶಿಯನ್ನು ಮಗುಚಿ, ಕೆಲವು ವಾರ ಬಿಟ್ಟು ಮತ್ತೆ ನೋಡಿ. ಏರಿದರೆ ಗೊಬ್ಬರ ಇನ್ನೂ ಪೂರ್ತಿ ಕೊಳೆತಿರಲಿಲ್ಲ ಅಂತಲೇ ಅನ್ನಬಹುದು. ಏರದಿದ್ದರೆ ಉಪ್ಪು ಅಥವಾ ಲೋಹದ ಮೇಲೆ ಅನುಮಾನ ಪಡಿ.

80 ದಾಟಿದರೂ ಕುಂಡದಲ್ಲಿ ಮಣ್ಣಿಗೆ ಕಾಲು ಭಾಗ, ಅರ್ಧ ಭಾಗ ಬೆರೆಸಿ ಗಿಡ ಬೆಳೆಸಿ ನೋಡಿ. ಲೋಹದ ಅಳತೆಯನ್ನು ಮಾತ್ರ ಪ್ರಯೋಗಾಲಯದಲ್ಲೇ ಮಾಡಿಸಬೇಕು. ಕ್ಯಾಡ್ಮಿಯಂ ಎಲೆಯಲ್ಲಿ ಸೇರಿಕೊಂಡಿದ್ದರೂ ಸೊಪ್ಪು ಹಚ್ಚಗೇ ಕಾಣಬಹುದು.