ಕೊನೆಯ ದಿನ ಒಳಗೋ ಹೊರಗೋ: ಇಂಗ್ಲಿಷಿನ ಮುಕ್ತಾಯದ ಪದಗಳು, ನನ್ನ ಅನುಭವ

ನೋಟಿಸು, ಕ್ರಯಪತ್ರ, ಬಾಡಿಗೆ ಕರಾರುಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸದಲ್ಲಿ ಕಾಡುವುದು ದೊಡ್ಡ ದೊಡ್ಡ ಕಾನೂನು ಪದಗಳಲ್ಲ. ಅವಕ್ಕೆ ನಿಘಂಟು ಇದೆ. ಕಾಡುವುದು ‘ಬೈ’, ‘ಟಿಲ್’, ‘ಫ್ರಮ್’, ‘ಎಂಡ್’, ‘ಲಿಮಿಟ್’ ಅನ್ನುವ ಚಿಲ್ಲರೆ ಪದಗಳು. ಇಂಥದ್ದು ಸಿಕ್ಕಾಗಲೆಲ್ಲ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೊನೆಯ ದಿನ ಅಥವಾ ಕೊನೆಯ ಅಂಕಿ ಲೆಕ್ಕದ ಒಳಗೋ, ಹೊರಗೋ? ಅದು ತಾನಾಗಿ ಮುಗಿಯುತ್ತದೋ, ಯಾರಾದರೂ ಮುಗಿಸಬೇಕೋ?

‘ಅಂಗಡಿ ಎಂಟರವರೆಗೆ ತೆರೆದಿರುತ್ತದೆ’ ಎಂಬಲ್ಲಿ ‘ಅಂಟಿಲ್’ ಅಥವಾ ‘ಟಿಲ್’. ‘ಅರ್ಜಿ ಸೋಮವಾರದೊಳಗೆ ಕೊಡಿ’ ಎಂಬಲ್ಲಿ ‘ಬೈ’. ಮೊದಲನೆಯದು ಅಲ್ಲಿಯ ತನಕ ನಡೆಯುತ್ತಲೇ ಇರುವ ಸ್ಥಿತಿ, ಎರಡನೆಯದು ಅಷ್ಟರಲ್ಲಿ ಒಮ್ಮೆ ಆಗಿಹೋಗಬೇಕಾದ ಕೆಲಸ. ಕನ್ನಡದ ‘ವರೆಗೆ’, ‘ಒಳಗೆ’ ಈ ಭೇದವನ್ನು ಚೊಕ್ಕವಾಗಿ ಹೇಳುತ್ತವೆ. ಆದರೂ ‘ಸಬ್ಮಿಟ್ ಟಿಲ್ ಮಂಡೇ’ ಎಂದು ಬರೆದವರಿಗೇನೂ ಬರವಿಲ್ಲ. ಇನ್ನೊಂದು ತಪ್ಪು ‘ಒಳಗೆ’ ಕಂಡಲ್ಲೆಲ್ಲ ‘ವಿದಿನ್’ ಹಾಕುವುದು. ಅವಧಿಗೆ ‘ವಿದಿನ್’, ದಿನಾಂಕಕ್ಕೆ ‘ಬೈ’: ಏಳು ದಿನದೊಳಗೆ ಅಂದರೆ ‘ವಿದಿನ್ ಸೆವೆನ್ ಡೇಸ್’, ಸೋಮವಾರದೊಳಗೆ ಅಂದರೆ ‘ಬೈ ಮಂಡೇ’. ‘ಇನ್ ಸೆವೆನ್ ಡೇಸ್’ ಎಂದರೆ ಸಾಮಾನ್ಯವಾಗಿ ಏಳು ದಿನ ಕಳೆದಾಗ. ಹಣ ಕಟ್ಟುವವನು ಏಳನೆಯ ದಿನಕ್ಕೆ ಕಾಯುತ್ತಾನೆ, ಪಡೆಯುವವನು ಎರಡನೆಯ ದಿನದಿಂದಲೇ ಫೋನು ಮಾಡುತ್ತಾನೆ. ‘ಬಿಫೋರ್ ಮಂಡೇ’ ಬರೆದರೆ ಸೋಮವಾರ ಹೊರಗೆ, ಭಾನುವಾರಕ್ಕೇ ಬಾಗಿಲು ಮುಚ್ಚಿತು. ನಿಜ ಹೇಳಬೇಕೆಂದರೆ ನಮ್ಮ ‘ಸೋಮವಾರದೊಳಗೆ’ಯಲ್ಲೂ ಸೋಮವಾರ ಸೇರಿತೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಹಾಗಾಗಿ ಎರಡೂ ಭಾಷೆಯಲ್ಲಿ ಗಂಟೆ ಸೇರಿಸುತ್ತೇನೆ: ಸೋಮವಾರ ಸಂಜೆ 5 ಗಂಟೆಯೊಳಗೆ. ರಾತ್ರಿ 12 ಗಂಟೆ ಎಂದು ಮಾತ್ರ ಬರೆಯುವುದಿಲ್ಲ, ಅದು ಹಿಂದಿನ ದಿನದ್ದೋ ಮುಂದಿನ ದಿನದ್ದೋ ಗೊತ್ತಾಗದು. 11:59 ಎಂದರೆ ತಕರಾರಿಲ್ಲ.

ಎಣಿಕೆಯ ನಿಯಮವನ್ನು ಕಾನೂನೇ ಹೇಳಿದೆ. ಕಾಯ್ದೆಗಳ ಮಾತನ್ನು ಹೇಗೆ ಓದಬೇಕೆಂದು ಹೇಳುವ 1897ರ ಜನರಲ್ ಕ್ಲಾಜಸ್ ಆ್ಯಕ್ಟಿನ 9ನೇ ಕಲಮಿನಂತೆ, ಕಾಯ್ದೆಯಲ್ಲಿ ‘ಫ್ರಮ್’ ಎಂದರೆ ಮೊದಲ ದಿನ ಬಿಟ್ಟು ಎಣಿಸಬೇಕು, ‘ಟು’ ಎಂದರೆ ಕೊನೆಯ ದಿನ ಸೇರಿಸಬೇಕು. ಜೂನ್ 1ರಿಂದ ಏಳು ದಿನದೊಳಗೆ ಎಂದರೆ ಜೂನ್ 8 ಕೊನೆ. ‘ಕ್ಲಿಯರ್ ಡೇಸ್’ ಎಂದಿದ್ದರೆ ಎರಡೂ ತುದಿ ಬಿಡಬೇಕು. 2013ರ ಕಂಪನಿ ಕಾಯ್ದೆಯಲ್ಲಿ ಸಾಮಾನ್ಯ ಸಭೆಗೆ ಮಾಮೂಲಾಗಿ ಕನಿಷ್ಠ 21 ‘ಕ್ಲಿಯರ್ ಡೇಸ್’ ನೋಟಿಸು ಬೇಕು. ನೋಟಿಸು ಜೂನ್ 1ಕ್ಕೆ ತಲುಪಿದ್ದರೆ ಸಭೆ ಜೂನ್ 23ಕ್ಕಿಂತ ಮೊದಲು ನಡೆಯುವಂತಿಲ್ಲ. ಇದನ್ನು ಬರೀ ‘21 ದಿನಗಳ ನೋಟಿಸು’ ಎಂದು ಕನ್ನಡಿಸಿದರೆ ಒಂದು ದಿನ ಜಾರಿಹೋಗುತ್ತದೆ. ನಾನು ‘ತಲುಪಿದ ದಿನ ಮತ್ತು ಸಭೆಯ ದಿನ ಬಿಟ್ಟು 21 ದಿನ’ ಎಂದು ಬಿಡಿಸಿಯೇ ಬರೆಯುತ್ತೇನೆ. ಉದ್ದವಾದರೆ ಆಗಲಿ.

ಹನ್ನೊಂದು ತಿಂಗಳ ಬಾಡಿಗೆ ಕರಾರು ಇದಕ್ಕಿಂತ ಕುಟಿಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 110ನೇ ಕಲಮಿನ ಪ್ರಕಾರ, ಗೇಣಿ (ಲೀಸ್) ಇಂಥ ದಿನ‘ದಿಂದ’ ಶುರು ಎಂದು ಬರೆದಿದ್ದರೆ ಆ ದಿನವನ್ನು ಎಣಿಕೆಯಲ್ಲಿ ಬಿಡಬೇಕು. ಮನೆ ಮಾಲೀಕರ ಮನಸ್ಸಿನಲ್ಲಿ ಇರುವುದೋ ಜೂನ್ 1ಕ್ಕೆ ಶುರು, ಏಪ್ರಿಲ್ 30ಕ್ಕೆ ಖಾಲಿ. ಆದ್ದರಿಂದ ಎರಡೂ ದಿನಾಂಕ ಕೊಟ್ಟು, ಕನ್ನಡದಲ್ಲಿ ‘ಈ ಎರಡೂ ದಿನಗಳು ಸೇರಿ’, ಇಂಗ್ಲಿಷಿನಲ್ಲಿ ‘ಬೋತ್ ಡೇಸ್ ಇನ್‌ಕ್ಲೂಸಿವ್’ ಎಂದು ಹಾಕಿಬಿಡುತ್ತೇನೆ. ಅಮೆರಿಕದವರು ಇದಕ್ಕೆ ‘ಥ್ರೂ’ ಬಳಸುತ್ತಾರೆ, ‘ಮಂಡೇ ಥ್ರೂ ಫ್ರೈಡೇ’ ಅಂದರೆ ಶುಕ್ರವಾರವೂ ಸೇರಿತು. ಅನುಕೂಲದ ಪದ, ನಮ್ಮಲ್ಲಿ ರೂಢಿಯಿಲ್ಲ ಅಷ್ಟೆ.

ಅದೇ ಕರಾರಿನಲ್ಲಿ ‘ಎಕ್ಸ್‌ಪೈರ್’, ‘ಟರ್ಮಿನೇಟ್’, ‘ಲ್ಯಾಪ್ಸ್’ ಮೂರೂ ಬರಬಹುದು. ಮೂರಕ್ಕೂ ‘ಮುಕ್ತಾಯ’ ಎಂದು ಬರೆದರೆ ಎರಡನೆಯ ಪ್ರಶ್ನೆಗೆ ಉತ್ತರವೇ ಇಲ್ಲ. ‘ಎಕ್ಸ್‌ಪೈರ್’ ಆದದ್ದು ದಿನಾಂಕ ಬಂದು ತಾನಾಗಿ ತೀರಿದ್ದು, ಅದಕ್ಕೆ ‘ಅವಧಿ ತೀರುವುದು’. ‘ಟರ್ಮಿನೇಟ್’ ಸಾಮಾನ್ಯವಾಗಿ ಒಬ್ಬರು ನೋಟಿಸು ಕೊಟ್ಟು ‘ಕೊನೆಗೊಳಿಸುವುದು’. ‘ಲ್ಯಾಪ್ಸ್’ ಮಾಡಬೇಕಾದ್ದನ್ನು ಮಾಡದೆ ಹಕ್ಕು ಬಿದ್ದುಹೋಗುವುದು. ಕಂತು ಕಟ್ಟದ ವಿಮೆ ಪಾಲಿಸಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಮುಗಿ–ಮುಗಿಸು, ತೀರು–ತೀರಿಸು ಎಂಬ ಜೋಡಿಗಳು ಕನ್ನಡದಲ್ಲಿ ಸಿದ್ಧವಾಗಿರುವಾಗ ‘ಮುಕ್ತಾಯಗೊಳ್ಳಲ್ಪಡುತ್ತದೆ’ ಎಂದು ಬರೆಯುವುದು ನನಗೆ ಹಿಡಿಸುವುದಿಲ್ಲ. ಔಷಧದ ಲೇಬಲ್ಲಿನ ‘ಎಕ್ಸ್‌ಪೈರಿ’ಯಲ್ಲಿ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು ಎಂದು ಅರ್ಥ. ಆಹಾರದ ಪೊಟ್ಟಣದ ‘ಬೆಸ್ಟ್ ಬಿಫೋರ್’ ಹೇಳುವುದು ಗುಣಮಟ್ಟವನ್ನು, ‘ಯೂಸ್ ಬೈ’ ಹೇಳುವುದು ಸುರಕ್ಷತೆಯನ್ನು. ಎರಡನ್ನೂ ಒಂದೇ ಪದಕ್ಕೆ ಕಟ್ಟಬಾರದು.

ಅಂಕಿಗಳ ಮಿತಿಯಲ್ಲಿ ‘18 ವರ್ಷ ಮೇಲ್ಪಟ್ಟವರು’ ಎಂಬುದು ಹಳೆಯ ತಲೆನೋವು. ‘ಓವರ್ ಏಟೀನ್’ ಎಂದು ಮಾಡಿದರೆ ಅಂದೇ ಹದಿನೆಂಟು ತುಂಬಿದವನು ಹೊರಗುಳಿಯಬಹುದು. ಮತದಾನದ ಬಗ್ಗೆ ಸಂವಿಧಾನದ 326ನೇ ವಿಧಿ ‘ಹದಿನೆಂಟಕ್ಕೆ ಕಡಿಮೆಯಿಲ್ಲದ’ ಎನ್ನುತ್ತದೆ. ಕನ್ನಡದ ‘18 ವರ್ಷ ತುಂಬಿದ’ ಅದಕ್ಕೆ ಸರಿಯಾಗಿ ಕೂರುತ್ತದೆ. ‘ಸೀಲಿಂಗ್’, ‘ಕ್ಯಾಪ್’ ಗರಿಷ್ಠ ಮಿತಿ, ‘ಫ್ಲೋರ್’ ಕನಿಷ್ಠ ಮಿತಿ. ‘ತ್ರೆಶೋಲ್ಡ್’ ಮಾತ್ರ ಮಿತಿಯಲ್ಲ, ಹೊಸ್ತಿಲು: ದಾಟಿದ ಮೇಲೆ ಬೇರೊಂದು ನಿಯಮ ಶುರುವಾಗುತ್ತದೆ.

ನೆಲದ ವಿಷಯಕ್ಕೆ ಬಂದರೆ ಕನ್ನಡವೇ ಶ್ರೀಮಂತ. ಗಡಿ, ಎಲ್ಲೆ, ಮೇರೆ, ಅಂಚು ಸಾಲದೆಂದು ಸರ್ವೆಯವರಿಗೆ ಹದ್ದುಬಸ್ತು (ಅಳೆದು ಎಲ್ಲೆ ಗುರುತಿಸುವುದು), ಬಾಂದುಕಲ್ಲು, ಪತ್ರ ಬರೆಯುವವರಿಗೆ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಎಲ್ಲೆಯ ವಿವರ). ಚಕ್ಕುಬಂದಿಗೆ ಇಂಗ್ಲಿಷಿನಲ್ಲಿ ‘ಬೌಂಡರೀಸ್’ ಸಾಕು, ‘ಬಾರ್ಡರ್’ ಬೇಡ. ‘ಬಾರ್ಡರ್’ ರಾಜ್ಯ, ದೇಶಗಳ ನಡುವಿನದು, ಇಲ್ಲವೇ ಸೀರೆಯದು. ‘ಪೂರ್ವಕ್ಕೆ ರಸ್ತೆ’ ಎಂಬುದನ್ನು ‘ಬೌಂಡೆಡ್ ಆನ್ ದ ಈಸ್ಟ್ ಬೈ ಎ ರೋಡ್’ ಎಂದು ಬರೆಯುತ್ತೇನೆ. ‘ಈಸ್ಟ್ ಬೈ ರೋಡ್’ ನಮ್ಮ ಪತ್ರಗಳಲ್ಲಿ ಬೇರುಬಿಟ್ಟಿದೆ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಡೆಯುತ್ತದೆ, ಹೊರದೇಶದ ಓದುಗರಿಗೆ ಅರ್ಥವಾಗದು. ಠಾಣಾ ವ್ಯಾಪ್ತಿಗೆ ‘ಪೊಲೀಸ್ ಸ್ಟೇಷನ್ ಲಿಮಿಟ್ಸ್’ ಎನ್ನುವಾಗ ಬಹುವಚನ ತಪ್ಪಬಾರದು.

ಇನ್ನು ‘ಎಂಡ್’. ‘ಕೊನೆಯಲ್ಲಿ’ ಎಂದರೆ ‘ಅಟ್ ದಿ ಎಂಡ್’, ಅದರ ಬೆನ್ನಿಗೆ ‘ಆಫ್’ ಬರುತ್ತದೆ: ಪುಟದ ಕೊನೆಯಲ್ಲಿ, ತಿಂಗಳ ಕೊನೆಯಲ್ಲಿ. ‘ಕೊನೆಗೆ’ ಎಂದರೆ ‘ಇನ್ ದಿ ಎಂಡ್’: ಎಲ್ಲ ಆಗಿ ಕೊನೆಗೆ ರಾಜಿಯಾದರು. ಕಾದು ಕಾದು ಬಂದ ‘ಕೊನೆಗೂ’ ‘ಅಟ್ ಲಾಸ್ಟ್’. ಒಂದೊಂದು ರೂಪಕ್ಕೆ ಒಂದೊಂದು ಪದಗುಚ್ಛ ಹೀಗೆ ಹೊಂದುವುದು ಅಪರೂಪ. ಬದುಕಿರುವ ಲೇಖಕರ ‘ಲೇಟೆಸ್ಟ್’ ಕಾದಂಬರಿಯನ್ನು ‘ಕೊನೆಯ ಕಾದಂಬರಿ’ ಮಾಡಬೇಡಿ, ಇತ್ತೀಚಿನದು ಅನ್ನಿ. ‘ಪೆನಲ್ಟಿಮೇಟ್’ ಕಟ್ಟಕಡೆಯದಲ್ಲ, ಅದಕ್ಕೆ ಹಿಂದಿನದು. ‘ಹಾಲು ಮುಗೀತು’ ಎಂಬುದಕ್ಕೆ ‘ಮಿಲ್ಕ್ ಈಸ್ ಓವರ್’ ಬೆಂಗಳೂರಿನಲ್ಲಿ ಸಾಕು. ಲಂಡನ್ನಿನ ಓದುಗರಿಗಾದರೆ ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’ ಎಂದು ಬದಲಿಸುತ್ತೇನೆ.

ಕರಡು ಕಳಿಸುವ ಮುಂಚೆ, ಅವಧಿ ಹೇಳುವ ಪ್ರತಿ ವಾಕ್ಯಕ್ಕೂ ಒಂದು ನಿಜವಾದ ದಿನಾಂಕ ಹಾಕಿ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸುತ್ತೇನೆ, ಮೊದಲು ಕನ್ನಡದ ಪಠ್ಯಕ್ಕೆ, ಆಮೇಲೆ ಇಂಗ್ಲಿಷಿನದಕ್ಕೆ. ಎರಡೂ ಬೆರಳು ಒಂದೇ ಮನೆಯಲ್ಲಿ ನಿಲ್ಲದಿದ್ದರೆ ತಪ್ಪು ಬಹುಪಾಲು ‘ಇಂದ’ದಲ್ಲೇ ಸಿಗುತ್ತದೆ.