ಅಂಗನವಾಡಿಯ ಅಂಗಳದಲ್ಲಿ ಸ್ಕೆಚ್‌ಅಪ್ ಕಲಿಕೆ

ಮೂರು ಆಯಾಮದ ಮಾದರಿ ರಚಿಸುವ ತಂತ್ರಾಂಶವನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ಒಂದು ಮೇಜು, ಒಂದು ಪುಟ್ಟ ಮನೆ ಬಿಡಿಸಿ, ಮುಂದೇನು ಮಾಡಬೇಕೆಂದು ತೋಚದೆ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಉಡುಪಿಯಲ್ಲಿ ನಮ್ಮ ಮನೆಯ ಸಮೀಪದ ಅಂಗನವಾಡಿಗೆ ಆಟದ ಜಾಗ ಮಾಡಿಕೊಡಲು ಊರಿನ ನಾಲ್ಕೈದು ಮಂದಿ ಸೇರಿದಾಗ ನಕ್ಷೆಯ ಹೊಣೆ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ಇಂಥ ತಂತ್ರಾಂಶವನ್ನು ಮುಟ್ಟಿಯೇ ಇರದ ನಾನು ಆ ಅಂಗಳಕ್ಕೆ ಏನು ಬೇಕೋ ಅದನ್ನಷ್ಟೇ, ಬೇಕಾದ ಹೊತ್ತಿಗೆ ಕಲಿಯುತ್ತ ಹೋದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇನ್ನೊಂದಿಲ್ಲ ಎಂಬುದು ನನ್ನ ಅನುಭವ.

ನಾನು ಆರಿಸಿಕೊಂಡದ್ದು ಸ್ಕೆಚ್‌ಅಪ್. 2000ದಲ್ಲಿ ಬಂದ ಈ ತಂತ್ರಾಂಶ 2006ರಿಂದ 2012ರವರೆಗೆ ಗೂಗಲ್ ಬಳಿಯಿತ್ತು, ಈಗ ಟ್ರಿಂಬಲ್ ಕಂಪನಿಯದು. ಬ್ರೌಸರಿನಲ್ಲೇ ತೆರೆದುಕೊಳ್ಳುವ ಇದರ ಉಚಿತ ಆವೃತ್ತಿ ಇಷ್ಟು ಕೆಲಸಕ್ಕೆ ಧಾರಾಳವಾಗಿ ಸಾಕು.

ಮೊದಲು ಟೇಪು, ಆಮೇಲೆ ಮೌಸ್

ಕಂಪ್ಯೂಟರ್ ತೆರೆಯುವ ಮುನ್ನ ಅಂಗಳವನ್ನು ಅಳೆಯಿರಿ. ನಮ್ಮದು 12 ಮೀಟರ್ ಉದ್ದ, 9 ಮೀಟರ್ ಅಗಲ. ಗೇಟು, ಬಾವಿಕಟ್ಟೆ, ಮುರಕಲ್ಲಿನ ಪಾಗಾರ (ಆವರಣ ಗೋಡೆ), ಹಂಚಿನ ಮಾಡಿನ ಸೂರು ಎಷ್ಟು ಹೊರಚಾಚಿದೆ, ತೆಂಗಿನ ಮರ ಎಲ್ಲಿದೆ ಎಂಬುದೆಲ್ಲ ಕಾಗದದ ಮೇಲೆ ಬರಲಿ. ನಂತರ ತಂತ್ರಾಂಶದಲ್ಲಿ ಅಳತೆಯ ಮಾನವನ್ನು ಮಿಲಿಮೀಟರಿಗೆ ಬದಲಿಸಿ, ಆಯತದ ಉಪಕರಣದಿಂದ ಒಂದು ಮೂಲೆ ಹಿಡಿದು ಎಳೆದು, ಕೀಲಿಮಣೆಯಲ್ಲಿ 12000,9000 ಎಂದು ಬರೆದು ಎಂಟರ್ ಒತ್ತಿ. ಅಂಗಳ ಸಿದ್ಧವಾಯಿತು. ಕಣ್ಣಂದಾಜಿನಲ್ಲಿ ಎಳೆಯದೆ ಪ್ರತಿ ಗೆರೆಗೂ ಅಂಕಿ ಬರೆಯುವ ಈ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು.

ಹೊಸ ಕಡತದಲ್ಲಿ ಅಳತೆಯ ಅಂದಾಜಿಗೆಂದು ವಯಸ್ಕರೊಬ್ಬರ ಆಕೃತಿ ನಿಂತಿರುತ್ತದೆ. ಅದನ್ನು ಅಳಿಸಿ, 95 ಸೆಂಟಿಮೀಟರ್ ಮತ್ತು 115 ಸೆಂಟಿಮೀಟರ್ ಎತ್ತರದ ಎರಡು ಚೌಕಟ್ಟುಗಳನ್ನು ನಿಲ್ಲಿಸಿ. ಮೂರು ವರ್ಷದ ಮತ್ತು ಆರು ವರ್ಷದ ಮಗುವಿನ ಸರಾಸರಿ ಎತ್ತರ ಸುಮಾರು ಅಷ್ಟು. ಮುಂದಿನ ಪ್ರತಿ ತೀರ್ಮಾನವನ್ನೂ ಈ ಇಬ್ಬರ ಪಕ್ಕದಲ್ಲಿಟ್ಟೇ ನೋಡಬೇಕು.

ಚೆನ್ನೆಮಣೆಯ ಕಟ್ಟೆ

ಮೊದಲ ಅಭ್ಯಾಸಕ್ಕೆ ಒಂದು ಕುಳಿತುಕೊಳ್ಳುವ ಕಟ್ಟೆ ಸಾಕು. ಆಯತ ಎಳೆದು ಪುಶ್‌ಪುಲ್ ಉಪಕರಣದಿಂದ 300 ಮಿಲಿಮೀಟರ್ ಮೇಲಕ್ಕೆತ್ತಿ. ಆ ಕಟ್ಟೆಯ ಮೇಲೆ ಚೆನ್ನೆಮಣೆ ಆಟದ, ಎರಡು ಸಾಲಿನಲ್ಲಿರುವ 14 ಗುಳಿಗಳನ್ನು ಮೂಡಿಸಿದರೆ ತಂತ್ರಾಂಶದ ಮುಖ್ಯ ಕೌಶಲಗಳಲ್ಲಿ ಮೂರು ಒಟ್ಟಿಗೇ ಕೈಗೆ ಬರುತ್ತವೆ. ಒಂದು ವೃತ್ತ ಎಳೆಯಿರಿ. ಅದನ್ನು ಆಯ್ದುಕೊಂಡು, ಮೂವ್ ಉಪಕರಣದಲ್ಲಿ ಕಂಟ್ರೋಲ್ ಕೀಲಿ ಒತ್ತಿ, ಪಕ್ಕಕ್ಕೆ ಒಂದು ಪ್ರತಿ ಸರಿಸಿದ ಕೂಡಲೇ 6x ಎಂದು ಬರೆದು ಎಂಟರ್ ಒತ್ತಿದರೆ ಆರು ಪ್ರತಿಗಳು ಸಮಾನ ಅಂತರದಲ್ಲಿ ಸಾಲುಗಟ್ಟಿ, ಮೊದಲಿನದೂ ಸೇರಿ ಏಳಾಗುತ್ತವೆ. ಸಾಲನ್ನು ಇಡಿಯಾಗಿ ಎದುರು ಬದಿಗೆ ಪ್ರತಿ ಮಾಡಿದರೆ 14. ಈಗ ಒಂದು ವೃತ್ತವನ್ನು ಪುಶ್‌ಪುಲ್‌ನಿಂದ 30 ಮಿಲಿಮೀಟರ್ ಕೆಳಕ್ಕೆ ತಳ್ಳಿ. ಉಳಿದ ಹದಿಮೂರನ್ನು ಒಂದೊಂದಾಗಿ ಡಬಲ್ ಕ್ಲಿಕ್ ಮಾಡುತ್ತ ಹೋದರೆ ಅವೂ ಅಷ್ಟೇ ಆಳಕ್ಕೆ ಇಳಿಯುತ್ತವೆ. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯರು ಒಳಗೆ ಕುಳಿತು ಮಂಜೊಟ್ಟಿ ಕಾಯಿ ಹಾಕಿ ಆಡುತ್ತಿದ್ದ ಆಟ ಮಕ್ಕಳ ಕೈಗೂ ಸಿಗಲಿ ಎಂಬ ಆಸೆ ನನಗಿತ್ತು, ಆದ್ದರಿಂದ ಈ ಕಟ್ಟೆಯನ್ನು ಸೂರಿನ ಒಳಬದಿಗೇ ಇಟ್ಟೆ.

ಕಟ್ಟೆ ಮುಗಿದೊಡನೆ ಇಡಿಯಾಗಿ ಆಯ್ದು ಗ್ರೂಪ್ ಮಾಡಿಬಿಡಿ, ಅಂದರೆ ಒಂದೇ ವಸ್ತುವಾಗಿ ಕಟ್ಟಿಡಿ. ನಾನು ಇದನ್ನು ಮರೆತು, ಗೋಡೆಗೆ ತಾಗಿದ್ದ ಕಟ್ಟೆಯನ್ನು ಸರಿಸಲು ಹೋದಾಗ ಅಂಗನವಾಡಿಯ ಗೋಡೆಯೂ ಜೊತೆಗೆ ಎಳೆದುಕೊಂಡು ಬಂದು ಎರಡು ಸಂಜೆಯ ಕೆಲಸ ಕೆಟ್ಟಿತು. ಗ್ರೂಪ್ ಆಗದ ಆಕೃತಿಗಳು ಒಂದನ್ನೊಂದು ಮುಟ್ಟಿದಲ್ಲೇ ಅಂಟಿಕೊಳ್ಳುವುದು ಈ ತಂತ್ರಾಂಶದ ಸ್ವಭಾವ. ಕಂಬಿ, ಮೆಟ್ಟಿಲುಗಳಂಥ ಮರುಕಳಿಸುವ ವಸ್ತುಗಳನ್ನು ಕಾಂಪೊನೆಂಟ್ ಮಾಡಿದರೆ ಒಂದನ್ನು ತಿದ್ದಿದಾಗ ಎಲ್ಲವೂ ತಿದ್ದಿಕೊಳ್ಳುತ್ತವೆ.

ಉಯ್ಯಾಲೆ ಬೇಡುವ ಜಾಗ

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ ಉಯ್ಯಾಲೆಯ ಮುಂದೆ ಮತ್ತು ಹಿಂದೆ, ಅದು ತೂಗುವ ಬಿಂದುವಿನ ಎತ್ತರದ ಎರಡರಷ್ಟು ಜಾಗ ಖಾಲಿಯಿರಬೇಕು. ಅಡ್ಡಪಟ್ಟಿ 2.4 ಮೀಟರ್ ಎತ್ತರವಿದ್ದರೆ ಹಿಂದೆ ಮುಂದೆ ಸೇರಿ 9.6 ಮೀಟರ್ ಬೇಕು. ಮಾದರಿಯಲ್ಲಿ ಈ ಜಾಗವನ್ನು ಕೆಂಪು ಆಯತವಾಗಿ ಬಿಡಿಸಿದಾಗ ಅದು ಅಂಗಳವನ್ನೇ ನುಂಗಿ ಗೇಟಿನವರೆಗೂ ಚಾಚಿತು. ಲ್ಯಾಪ್‌ಟಾಪ್ ನೋಡಿದ ಅಂಗನವಾಡಿಯ ಟೀಚರ್, "ಅಲ್ಲಿ ಉಯ್ಯಾಲೆ ಇಟ್ಟರೆ ಹೇಗೆ ಮಾರಾಯ್ರೆ, ಮಕ್ಕಳು ಗೇಟಿನಿಂದ ಓಡಿಕೊಂಡೇ ಬರುವುದಲ್ವಾ?" ಎಂದರು. ಪುಟ್ಟ ಮಕ್ಕಳಿಗೆ 1.8 ಮೀಟರ್ ಎತ್ತರವೇ ಸಾಕೆಂದು ತಗ್ಗಿಸಿ, 7.2 ಮೀಟರಿನ ಆಯತವನ್ನು ಹಿಂಬದಿಯ ಪಾಗಾರದ ಕಡೆಗೆ ತಿರುಗಿಸಿದೆವು.

ಜಾರುಬಂಡಿಗೂ ಲೆಕ್ಕವಿದೆ. ಅದೇ ಕೈಪಿಡಿಯಂತೆ ಇಳಿಜಾರಿನ ಸರಾಸರಿ ಕೋನ 30 ಡಿಗ್ರಿ ಮೀರಬಾರದು, 1.2 ಮೀಟರ್ ಎತ್ತರಕ್ಕೆ ಅಡ್ಡಲಾಗಿ ಸುಮಾರು 2.1 ಮೀಟರ್ ಉದ್ದ ಬಿಡಬೇಕಾಗುತ್ತದೆ. ಅಷ್ಟು ಎತ್ತರದಿಂದ ಬಿದ್ದರೆ ತಡೆಯಲು 9 ಇಂಚು, ಅಂದರೆ ಸುಮಾರು 23 ಸೆಂಟಿಮೀಟರ್ ದಪ್ಪ ಮರಳು ಬೇಕು.

ಎಲ್ಲಕ್ಕಿಂತ ಗಮನವಿಟ್ಟು ನೋಡಬೇಕಾದದ್ದು ಕಂಬಿಗಳ ನಡುವಿನ ಸಂದು. 89 ಮಿಲಿಮೀಟರಿಗಿಂತ ದೊಡ್ಡದಾಗಿದ್ದು 230ಕ್ಕಿಂತ ಚಿಕ್ಕದಾದ ಸಂದಿನಲ್ಲಿ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಹುದು. ಹಾಗಾಗಿ ಮಾದರಿಯಲ್ಲಿ ಪುಟ್ಟ ಮಗುವಿನ ಮೈಯ ಬದಲಿಗೆ 89ಕ್ಕೆ 157 ಮಿಲಿಮೀಟರ್ ಅಳತೆಯ ಒಂದು ತುಂಡನ್ನು ಮಾಡಿಟ್ಟುಕೊಂಡು, ಪ್ರತಿ ಸಂದಿಗೂ ಒಯ್ದು ನೋಡಿ. ತೂರಿತೆಂದರೆ ಕಂಬಿಗಳನ್ನು ಹತ್ತಿರಕ್ಕೆ ತನ್ನಿ. ಇಲ್ಲಿ ಪೈಪಿನ ಅಳತೆಯ ಬಗ್ಗೆ ಎಚ್ಚರ ಬೇಕು: ವೆಲ್ಡಿಂಗ್‌ನವರು ಒಂದೂವರೆ ಇಂಚಿನ ಪೈಪ್ ಎನ್ನುವುದರ ಹೊರವ್ಯಾಸ 38 ಅಲ್ಲ, 48 ಮಿಲಿಮೀಟರಿಗೂ ತುಸು ಹೆಚ್ಚು.

ಬಿಸಿಲು ಮತ್ತು ಸೂರಿನ ನೀರು

ತಂತ್ರಾಂಶದಲ್ಲಿ ನೆರಳನ್ನು ತಿಂಗಳು, ಹೊತ್ತುಗಳಿಗೆ ತಕ್ಕಂತೆ ಬೀಳಿಸಿ ನೋಡಬಹುದು, ಆದರೆ ಮಾದರಿಗೆ ಸ್ಥಳ ಗೊತ್ತುಮಾಡದಿದ್ದರೆ ಆ ನೆರಳು ನಮ್ಮೂರಿನದಾಗಿರುವುದಿಲ್ಲ. ಸರಿಯಿದೆಯೇ ಎಂದು ಪರೀಕ್ಷಿಸಲು ಸುಲಭದ ದಾರಿಯಿದೆ. ಉಡುಪಿಯಲ್ಲಿ ಏಪ್ರಿಲ್ 25ರ ಆಸುಪಾಸು, ಮಧ್ಯಾಹ್ನ 12.30ರ ಹೊತ್ತಿಗೆ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಮಾದರಿಯಲ್ಲೊಂದು ಕಂಬ ನೆಟ್ಟು ಆ ದಿನಾಂಕ, ಆ ಹೊತ್ತನ್ನು ಕೊಟ್ಟಾಗ ನೆರಳು ಬುಡದಲ್ಲೇ ಮಾಯವಾಗಬೇಕು. ಅದು ಸರಿಬಂದ ಮೇಲೆ ಮೇ ತಿಂಗಳ ಮೂರೂವರೆ ಗಂಟೆಗೆ ಬದಲಿಸಿ ನೋಡಿದರೆ, ಪಡುವಣದ ಬಿಸಿಲಿಗೆ ಮುಖಮಾಡಿದ್ದ ನಮ್ಮ ತಗಡಿನ ಜಾರುಬಂಡಿಗೆ ಒಂದಿಷ್ಟೂ ನೆರಳಿರಲಿಲ್ಲ. ಅದನ್ನು ಕಟ್ಟಡದ ಮೂಡುಬದಿಯ ನೆರಳಿಗೆ ತಂದೆವು.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಮಳೆಯನ್ನು ಮರೆತು ಬಿಡಿಸಿದ ನಕ್ಷೆ ಮೊದಲ ಜೂನ್ ತಿಂಗಳಲ್ಲೇ ಕೊಚ್ಚಿಹೋಗುತ್ತದೆ. ಸೂರಿನ ಅಂಚಿನಿಂದ ನೀಲಿ ಅಕ್ಷದ (ತಂತ್ರಾಂಶದಲ್ಲಿ ಮೇಲೆ ಕೆಳಗಿನ ದಿಕ್ಕು ತೋರುವ ಗೆರೆ) ಗುಂಟ ನೆಲಕ್ಕೆ ಗೆರೆ ಇಳಿಸಿದರೆ ಹಂಚಿನ ನೀರು ಎಲ್ಲಿ ಸುರಿಯುತ್ತದೆಂದು ಸ್ಪಷ್ಟವಾಗುತ್ತದೆ. ಮರಳಿನ ಗುಂಡಿ ಆ ಗೆರೆಯಿಂದ ದೂರವಿರಲಿ. ನೆಲಕ್ಕೆ 50ಕ್ಕೆ 1ರಷ್ಟು ಇಳಿಜಾರು, ಅಂದರೆ ನಮ್ಮ 9 ಮೀಟರ್ ಅಗಲಕ್ಕೆ 18 ಸೆಂಟಿಮೀಟರ್, ತೋಡಿನ (ನೀರು ಹರಿಯುವ ಕಾಲುವೆ) ಕಡೆಗೆ ಕೊಟ್ಟೆವು. ತೆಂಗಿನ ಮರದ ಸುತ್ತ 5 ಮೀಟರ್ ತ್ರಿಜ್ಯದ ವೃತ್ತ ಎಳೆದು, ಗರಿ ಮತ್ತು ಕಾಯಿ ಬೀಳುವ ಆ ಭಾಗದಲ್ಲಿ ಏನನ್ನೂ ಇಡಲಿಲ್ಲ.

ನೆಲದ ಮೇಲೆ ಮತ್ತೊಮ್ಮೆ

ಮೇಲಿನ ನೋಟವನ್ನು ಆರಿಸಿ, ದೂರದ್ದನ್ನು ಚಿಕ್ಕದಾಗಿ ತೋರಿಸುವ ಪರ್ಸ್‌ಪೆಕ್ಟಿವ್ ನೋಟವನ್ನು ಕೈಬಿಟ್ಟು, ಅಳತೆಗಳನ್ನು ಬರೆದು ಚಿತ್ರವಾಗಿ ಉಳಿಸಿಕೊಳ್ಳಿ. ಆ ಚಿತ್ರ ಹಿಡಿದು ಅಂಗಳದಲ್ಲಿ ಸುಣ್ಣದ ಪುಡಿಯಿಂದ ಪ್ರತಿ ಆಯತವನ್ನೂ ನಿಜ ಅಳತೆಯಲ್ಲಿ ಎಳೆದು, ಎರಡು ದಿನ ಮಕ್ಕಳನ್ನು ಅವರ ಪಾಡಿಗೆ ಆಡಲು ಬಿಡಿ. ಅವರು ಓಡಾಡಿ ಗೆರೆ ಅಳಿಸಿದ ಕಡೆ ದಾರಿಯಿದೆ ಎಂದರ್ಥ. ನಮ್ಮಲ್ಲಿ ಬಾವಿಕಟ್ಟೆಯ ಪಕ್ಕದ ಗೆರೆ ಮೊದಲ ದಿನವೇ ಅಳಿಸಿಹೋದದ್ದರಿಂದ ಮರಳಿನ ಗುಂಡಿಯನ್ನು ಒಂದು ಮೀಟರ್ ಸರಿಸಿ, ಮಾದರಿಯನ್ನು ತಿದ್ದಿ, ಹೊಸ ಚಿತ್ರವನ್ನು ವೆಲ್ಡಿಂಗ್‌ನವರಿಗೆ ಕೊಟ್ಟೆವು. ಕಂಬಗಳಿಗೆ ಗುಂಡಿ ತೋಡಿ ಕಾಂಕ್ರೀಟ್ ಹಾಕುವ ಕೆಲಸ ಮೇ ತಿಂಗಳ ಮಧ್ಯದೊಳಗೆ ಮುಗಿಯಬೇಕು, ಮಳೆ ಹಿಡಿದ ಮೇಲೆ ಗುಂಡಿಯಲ್ಲಿ ನೀರೇ ನಿಲ್ಲುತ್ತದೆ.