ವಾರದ ಮಾತ್ರೆ ತಪ್ಪದಿರಲು ಹೀಗೆ ಮಾಡಿ

ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ 1 ದಿನ ಮಾತ್ರ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮಮ್ಮನದು ಭಾನುವಾರ: ರಾತ್ರಿ ಊಟ ಆದಮೇಲೆ ಮಾತ್ರೆ ನುಂಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತಾರೆ, ಬೆರಳು ಬಿಗಿದ ದಿನ ಸುತ್ತು ಸೊಟ್ಟಗಾಗುತ್ತದೆ, ಆದರೂ ಬಿಟ್ಟಿಲ್ಲ. ಇದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಸಿಡ್ ವಿಟಮಿನ್ ಮಾತ್ರೆ ಯಾವ ದಿನ ಅಂತ ಡಾಕ್ಟರ್ ಹತ್ತಿರ ಚೀಟಿಯಲ್ಲಿ ಬರೆಸಿಕೊಳ್ಳಿ. ಗುಣ ಕಾಣಲು 6ರಿಂದ 12 ವಾರ ಬೇಕಾಗಬಹುದು, ಸುಮ್ನೆ ನಿಲ್ಲಿಸಬೇಡಿ. ನೋವು ಕಡಿಮೆಯಾಯ್ತು ಅಂತಲೂ ಬಿಡಬೇಡಿ, ನಾವು ಎಡವುವುದು ಇಲ್ಲೇ ಅಲ್ವಾ, ಊತ ಮರಳಿ ಬಂದರೆ ಕೀಲು ಸವೆಯುತ್ತದೆ. ಹೊಟ್ಟೆ ತೊಳಸಿದರೆ ಡಾಕ್ಟರನ್ನು ಕೇಳಿ, ಇದೇ ಔಷಧದ ಇಂಜೆಕ್ಷನ್ ಕೂಡ ಇದೆ. ಜ್ವರ, ಬಾಯಿಹುಣ್ಣು ಬಂದರೆ ಮುಂದಿನ ಡೋಸ್‌ಗೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ರಕ್ತಪರೀಕ್ಷೆ ತಪ್ಪಿಸಬೇಡಿ.